ತುಟಿ ಕಚ್ಚುವ ಮೌತ್‌ಪೀಸ್

ಬಸ್‌ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕ ಬ್ಯಾಂಡಿನವರಿಬ್ಬರು ಕೂತಿದ್ದರು. ಇಬ್ಬರ ತೊಡೆಯ ಮೇಲೂ ಟ್ರಂಪೆಟ್ಟಿನ ಪೆಟ್ಟಿಗೆ. ಕಿರಿಯವನು ತುಟಿಗಿಟ್ಟು ಊದುವ ಮೌತ್‌ಪೀಸನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

“ಭಾವ, ಇದು ನಂದಲ್ಲ.”

“ನಿಂದೇ ಕಣೋ. ಪಾಲಿಶ್ ಮಾಡಿಸಿಕೊಂಡು ಬಂದೆ, ಹೊಸದರ ಥರ ಕಾಣ್ತಿದೆ.”

“ನಂದು ಅಪ್ಪನ ಕಾಲದ್ದು. ಅಂಚು ಸವೆದು ತುಟಿಗೆ ಮೆತ್ತಗೆ ಕೂರ್ತಿತ್ತು. ಇದು ಕಚ್ಚುತ್ತೆ.”

“ಊದ್ತಾ ಊದ್ತಾ ಸರಿಹೋಗುತ್ತೆ ಬಿಡು.”

“ಪಾಲಿಶ್ ಮಾಡಿದ್ರೆ ಸವೆದ ಅಂಚು ಮತ್ತೆ ಬೆಳೆಯುತ್ತಾ, ಭಾವ?”

ಭಾವ ರಸ್ತೆ ನೋಡಿದರು.

“ಎಲ್ಲಿ, ನಿಮ್ಮದು ಕೊಡಿ. ಒಂದ್ಸಲ ಊದಿ ನೋಡ್ತೀನಿ.”

“ಥೂ! ಇನ್ನೊಬ್ಬರ ಎಂಜಲು ಊದ್ತಾರೇನೋ?”

“ನಮ್ಮಪ್ಪನ ಎಂಜಲಾದ್ರೆ ನನಗೇನೂ ಬೇಜಾರಿಲ್ಲ. ಪೆಟ್ಟಿಗೆ ತೆಗೀರಿ.”

ಅಷ್ಟರಲ್ಲಿ ಬಸ್ಸೊಂದು ಬಂತು. ಭಾವ ಪೆಟ್ಟಿಗೆಯನ್ನು ಎದೆಗವಚಿಕೊಂಡು ಓಡಿ ಹತ್ತಿಯೇಬಿಟ್ಟರು.

ಕಿರಿಯವನು ಹಿಂದೆಯೇ ಓಡುತ್ತಾ ಕೂಗಿದ: “ಭಾವ, ಅದೂ ನಮ್ಮದಲ್ಲ! ನಮ್ಮ ಬಸ್ಸು ಇನ್ನೂ ಬಂದಿಲ್ಲ!”