ಬೋರವ್ವ ಹುಡುಕಿದ ತಲಿ

ಬಾಗಲಾ ಮುಚ್ರಿ. ನಗಬ್ಯಾಡ್ರಿ ಮತ್ತ. ಇದು ನಮ್ಮ ಕಾಕಾನ ಮಗಳು ನೇತ್ರಾಗ ಆಗಿದ್ದು, ಹೋದ ವರ್ಷ.

ವಿಜಯಪುರದಾಗ ಒಂದು ಲ್ಯಾಬಿನ್ಯಾಗ ಅಕಿ ಕೆಲಸ. ಅಲ್ಲಿ ಉಗುರಿನಷ್ಟ ಚಿಪ್ ಇರ್ತಾವ. ಅದರಾಗ ಮನಷ್ಯಾರ ಮೆದುಳಿನ ಜೀವಕೋಶ ಬೆಳಸ್ತಾರ. ಬೇಕಂತ ಅದಕ್ಕ ಉರಿಯೂತ ಬರಸ್ತಾರ. ಆಮ್ಯಾಲ ಗಿಡದ ಎಲಿ, ತಪ್ಪಲದ ಔಷಧ ಹಾಕಿ, ಉರಿ ಇಳೀತೇನು ಅಂತ ನೋಡ್ತಾರ. ಹೋಲಿಸಿ ನೋಡಾಕ ಒಂದು ಚಿಪ್ಪಿಗೆ ಮಾತ್ರ ಏನೂ ಹಾಕಂಗಿಲ್ಲ. ಹಂಗ... ಉರಕೋತ ಇರಬೇಕು ಅದು.

ಆ ಔಷಧ ತರಾಕ ನೇತ್ರಾ ತಿಕೋಟಾ ಆಚೆಕಿನ ಒಂದು ತ್ವಾಟದ ವಸ್ತಿಗೆ ಹೋದ್ಲು. ಅಲ್ಲಿ ಬೋರವ್ವ ಅನ್ನೋ ಮುದುಕಿ ತಲಿಉರಿಗೆ ತಪ್ಪಲಾ ಅರದು ಕೊಡ್ತಿದ್ಲು. ನೆತ್ತಿ ಮ್ಯಾಲ ಹಸಿ ಔಡಲ ಎಲಿ ಇಡತಿದ್ಲು. ಅಕಿದೊಂದು ನೇಮ ಇತ್ತು. "ಯಾರ ತಲಿಗೆ?" ಅಂತ ಕೇಳೇ ಕೊಡಾಕಿ. "ಇಳೀತು" ಅಂತ ಸುದ್ದಿ ಮುಟ್ಟೋತನಕ ಮಲಗಾಕಿ ಅಲ್ಲ. ಕುಂತಲ್ಲೇ ತೂಕಡಿಸಿ... ಕಾಯಾಕಿ.

ಚಿಪ್ ಅಂದ್ರ ಈ ಮುದುಕಿಗೇನ ತಿಳೀತೈತಿ ಅಂತ ನೇತ್ರಾ ಸುಳ್ಳ ಹೇಳಿದ್ಲು. "ನಮ್ಮವ್ವನ ತಲಿಗೆ, ಆಯಿ." ಸುದ್ದಿ ಮುಟ್ಟಸೂದು ಮರತೇ ಬಿಟ್ಲು. ಮುಂದ ಬಬಲೇಶ್ವರ ಸಂತ್ಯಾಗ ಯಾರೋ ಅಂದ್ರು, ಬೋರವ್ವ ಕುಂತಲ್ಲೇ ಜೀವಾ ಬಿಟ್ಟಾಳ, ಯಾರದೋ ದಾರಿ ಕಾಯಾಕತ್ತಿದ್ಲು ಅಂತ. ಆ ಸುದ್ದಿ ಮುಟ್ಟಸಬೇಕಾದಾಕಿ ತಾನ ಅಂತ ನೇತ್ರಾಗ ಆಗ ನೆನಪಾತು.

ಒಂದಿನ ಲ್ಯಾಬಿನಿಂದ ಹೊಳ್ಳಿ ಬರೂದು ಭಾಳ ಹೊತ್ತಾತು. ಅಕಿ ಊರು ಇಟ್ಟಂಗಿಹಾಳದ ಹಾದಿ. ಆಲದ ಗಿಡ ದಾಟಿದ್ಲು... ಹಿಂದ ಸಪ್ಪಳ. ಚರಕ್... ಟಕ್. ಚರಕ್... ಟಕ್. ಹರದ ಚಪ್ಪಲಿ, ಊರುಗೋಲು.

"ಉರಿ ಇಳೀತೇನ ಬೇ?"

ನೇತ್ರಾ ಹೆಜ್ಜಿ ಜೋರ ಮಾಡಿದ್ಲು.

"ನಡಿ, ನಿಮ್ಮವ್ವನ ನೆತ್ತಿ ಮುಟ್ಟಿ ನೋಡ್ತೀನಿ. ನಂದಿನ್ನಾ ನಿದ್ದಿ ಆಗಿಲ್ಲ."

ಓಡಿದ್ಲು. ಸಪ್ಪಳಾನೂ ಓಡಿ ಬಂತು. ಅವ್ವ ಹೊರಗ ಕಟ್ಟಿ ಮ್ಯಾಲ ಮಲಗಿದ್ಲು. ಸಪ್ಪಳ ಕಟ್ಟಿ ಹತ್ತಿತು... ಟಕ್. ನೇತ್ರಾ ಅವ್ವನ ತಲಿಗೆ ಅಡ್ಡ ಕುಂತು ಪಿಸುಗುಟ್ಟಿದ್ಲು.

"ಸುಳ್ಳ ಹೇಳೀನಿ, ಆಯಿ. ಅವ್ವಗ ಏನೂ ಆಗಿದ್ದಿಲ್ಲ. ಲ್ಯಾಬಿನ್ಯಾಗ ನಾವ ಉರಿ ಹಚ್ಚಿದ ಮೆದುಳಿನ ಚಿಪ್ಪಿಗೆ ಒಯ್ದಿದ್ನಿ. ಎಲ್ಲಾದಕ್ಕೂ ಇಳೀತು... ಒಂದಕ್ಕ ಮಾತ್ರ ನಾವ ಕೊಟ್ಟಿಲ್ಲ."

"ನೀವ ಉರಿ ಹಚ್ಚಿ... ಔಷಧ ಕೊಟ್ಟಿಲ್ಲಾ?"

"ತಪ್ಪಾತು, ಆಯಿ."

ಚರಕ್... ಟಕ್. ಸಪ್ಪಳ ಕಟ್ಟಿ ಇಳದು ವಿಜಯಪುರದ ಹಾದಿ ಹಿಡೀತು.

ಮುಂಜಾನೆ ಲ್ಯಾಬಿನ ಕೀಲಿ ನೇತ್ರಾನೇ ತಗದ್ಲು. ಚಿಪ್ ಇಡೋ ಪೆಟಗಿ ಮುಚ್ಚಿದ್ದು ಮುಚ್ಚಿದಂಗ ಇತ್ತು. ನಾ ಕಟ್ಟಿ ಹೇಳಾಕತ್ತಿಲ್ರಿ, ಅಕಿ ಜೋಡಿ ಕೆಲಸ ಮಾಡೋ ಮಿನಾಜನೂ ಕಣ್ಣಾರೆ ನೋಡ್ಯಾಳ, ಬೇಕಾದ್ರ ಕೇಳ್ರಿ. ಔಷಧ ಹಾಕದ ಬಿಟ್ಟಿದ್ರಲ್ಲ, ಆ ಚಿಪ್ಪಿನ ಮ್ಯಾಲ... ಉಗುರಿನಷ್ಟ ಹರದ ಒಂದು ಔಡಲ ಎಲಿ ಇತ್ತು. ಹಸೀದು.