ಮಾಲಿಯ ಹೆಂಡತಿ ನೋಡದ ತೋಟ

ಕಣ್ಣಾಸ್ಪತ್ರೆಯಲ್ಲಿ ಸರದಿ ಕಾಯುವಾಗ ಓದುವುದಕ್ಕೆ ಇದ್ದದ್ದು ಗೋಡೆಯ ಮೇಲಿನ ಅಕ್ಷರಪಟ ಒಂದೇ. ಅದು ಮುಗಿದ ಮೇಲೆ ಪಕ್ಕದ ಬೆಂಚಿನ ಗಂಡಹೆಂಡಿರ ಮಾತಿಗೆ ಕಿವಿಗೊಟ್ಟೆ. ಗಂಡ ಊರಿನ ಉದ್ಯಾನದ ಮಾಲಿ. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

“ವಸಂತ ಬಂತು ಅಂದ್ರೆ ಊರಿಗೆ ಊರೇ ನಿಮ್ಮ ತೋಟಕ್ಕೆ ಬರುತ್ತೆ. ಮೂವತ್ತು ವರ್ಷದಿಂದ ನಾನೊಬ್ಬಳು ಮಾತ್ರ ಬಂದಿಲ್ಲ,” ಎಂದರು ಹೆಂಡತಿ.

“ರಜಾದಿನವೂ ಅಲ್ಲಿಗೇ ಹೋಗ್ಬೇಕಾ ಅಂತಿದ್ದೆ. ಆಪರೇಷನ್ ಆಗ್ಲಿ, ಕರ್ಕೊಂಡು ಹೋಗ್ತೀನಿ.”

“ಮೂರು ವಾರ ಕಣ್ಣಿಗೆ ಕಟ್ಟು. ಅಷ್ಟರಲ್ಲಿ ನಿಮ್ಮ ಹೂವೆಲ್ಲ ಗೊಬ್ಬರದ ಗುಂಡಿ ಸೇರಿರುತ್ತೆ.”

“ಮುಂದಿನ ವರ್ಷ ಮತ್ತೆ ಅರಳುತ್ತಲ್ಲೇ.”

“ಹೂವು ಅರಳುತ್ತೆ. ಕಣ್ಣು? ಒಂದು ಹೋಗಾಯ್ತು, ಇದೂ ಉಳಿಯೋ ಭರವಸೆ ಇಲ್ಲ ಅಂತ ಡಾಕ್ಟರೇ ಅಂದ್ರಲ್ಲ. ಹೋಗ್ಲಿ, ಈ ಸಲ ತೋಟ ಹೇಗಿದೆ, ಅದಾದ್ರೂ ಹೇಳಿ.”

“ಗೇಟಿನ ಪಕ್ಕದ ಹೂವಿನ ಮಡಿಗೆ ಗಿಡಹೇನು ಹತ್ತಿದೆ. ಕೊಳದ ಹತ್ತಿರ ಬೇರು ಕೊಳೀತಾ ಇದೆ.”

“ಹೂ ಕೇಳಿದ್ರೆ ರೋಗ ಹೇಳ್ತೀರಲ್ಲ! ಕೊಳದ ಹತ್ತಿರದ್ದು ಯಾವ ಬಣ್ಣ?”

ಮಾಲಿ ಬಹಳ ಹೊತ್ತು ಯೋಚಿಸಿದರು. “ಹಳದಿ ಇರ್ಬೇಕು.”

“ಇರ್ಬೇಕಾ? ನೆಟ್ಟೋರು ನೀವೇ ತಾನೆ?”

“ನಾನು ಬುಡ ನೋಡೋನು ಕಣೇ.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಹೆಂಡತಿಯನ್ನು ಆಪರೇಷನ್ನಿಗೆ ಕರೆದರು. ಮಾಲಿ ಎದ್ದು ನಿಂತರು.

“ಸಿಸ್ಟರ್, ಸೋಮವಾರ ಮಾಡಿದ್ರೆ ಆಗಲ್ವಾ? ಭಾನುವಾರ ಇಬ್ಬರೂ ಒಂದು ಕಡೆ ಹೋಗೋದಿತ್ತು.”

“ಆರು ತಿಂಗಳ ಹಿಂದೆಯೇ ಬರಬೇಕಿತ್ತು ನೀವು. ಇನ್ನು ಒಂದು ದಿನವೂ ತಡ ಮಾಡೋ ಹಾಗಿಲ್ಲ.”

ಮಾಲಿ ಬಗ್ಗಿ ಹೆಂಡತಿಯ ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗಿಟ್ಟರು. “ಬಾ, ಮುಂದೆ ಒಂದು ಮೆಟ್ಟಿಲಿದೆ,” ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.