ಎಮಿಲ್ ಕೇಳಿದ ಮೂರು ಪ್ರಶ್ನೆ

ನಗಬೇಡ ಕಣೋ ತಾರಸ್! ಏನು, ನನ್ನ ಹಲ್ಲು ನೋಡಿ ನಗ್ತಿದ್ದೀಯಾ? ನಗು, ನಗು. ಅರ್ಧ ಬಾಯಿ ಮಾತ್ರ ಆಡಿದ್ರೂ ನಿನ್ನ ನಗುವಿನ ಪೊಗರು ಇಳಿದಿಲ್ಲ ನೋಡು. ಹೂಂ ಕಣಪ್ಪಾ, ಎಲ್ಲಾ ಹೊಸ ಹಲ್ಲು. ಐಸ್ ಹಾಕಿ ಆಡ್ವಾಗ ಉದುರಿಸ್ಕೊಂಡಿದ್ದ ನಾಲ್ಕನ್ನೂ ಸಿನಿಮಾದವರೇ ಕಟ್ಟಿಸಿಕೊಟ್ರು, ವ್ಯಾಂಕೂವರ್‌ನಲ್ಲಿ. ಆಮೇಲೆ ಏನಾಯ್ತು ಗೊತ್ತಾ? ಒಬ್ಬ ಹಾಕಿ ಆಟಗಾರನ ಪಾತ್ರ ಬಂತು. ಡೈರೆಕ್ಟರ್ ಬಂದು, 'ಬ್ರೆಂಟ್, ಆ ಮುಂದಿನ ಹಲ್ಲು ಸ್ವಲ್ಪ ತೆಗೆದಿಡೋಕಾಗುತ್ತಾ' ಅಂತಾನೆ! ಹ್ಹಹ್ಹ... ಈಗ ನೋಡು, ಈಗ ನೀನು ಸರಿಯಾಗಿ ನಕ್ಕೆ. ತಡಿ, ಗಲ್ಲ ಒರೆಸ್ತೀನಿ.

ಅಬ್ಬಾ, ಗಡ್ಡ ಚುಚ್ಚುತ್ತೆ ಮಾರಾಯ. ಒಂದು ವಾರದ್ದಾ? ಇವತ್ತು ಭಾನುವಾರ ತಾನೇ, ಎಮಿಲ್ ಇನ್ನೂ ಬಂದಿಲ್ವಾ? ನಿನ್ನ ತಂಗಿ ಡೇರಿಯಾ ಹೇಳಿದ್ಲು. ಪ್ರತಿ ಭಾನುವಾರ ಬಟ್ಟಲು, ಬ್ರಷ್ಷು ಹಿಡ್ಕೊಂಡು ಬಂದು ನಿನಗೆ ಕ್ಷೌರ ಮಾಡ್ತಾರಂತೆ. ಮೂವತ್ತೊಂದು ವರ್ಷದಿಂದ! ಎಂಬತ್ತು ದಾಟಿದ ಮುದುಕರು, ಈ ಚಳೀಲಿ... ನನ್ನ ಕಾರಿನ ಎಂಜಿನ್ ಹೆಪ್ಪುಗಟ್ಟದಿರ್ಲಿ ಅಂತ ಕರೆಂಟ್ ಪ್ಲಗ್ ಹಾಕಿ ಬಿಸಿಗಿಟ್ಟು ಬಂದಿದ್ದೀನಿ, ಅವ್ರು ನಡ್ಕೊಂಡು ಬರ್ತಾರಂತಲ್ಲ. ನಮ್ಮ ತಂಡದ ಗಾಯ ನೋಡ್ಕೊಳ್ತಿದ್ದ ಮನುಷ್ಯ. ಈಗ್ಲೂ ನೋಡ್ಕೊಳ್ತಿದ್ದಾರೆ ಅನ್ನು.

ಹಂಗ್ಯಾಕೆ ನೋಡ್ತೀಯ? ಗೊತ್ತು ಕಣೋ, ಬಹಳ ವರ್ಷ ಆಯ್ತು ನಾನು ಬಂದು. ಹನ್ನೊಂದು... ಹನ್ನೆರಡು ವರ್ಷ ಆಗಿರಬೇಕು. ಶೂಟಿಂಗು, ಶೂಟಿಂಗು. ಬೈಯೋದಾದ್ರೆ ಬೈದುಬಿಡು. ಕಣ್ಣಲ್ಲೇ ಬೈಯೋಕೆ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಟಿವಿ ಧಾರಾವಾಹಿ ನೋಡ್ತೀಯಂತೆ? ನರ್ಸ್ ಹೇಳಿದ್ಲು. ಎಂಟು ವರ್ಷ ಕಣೋ, ಎಂಟು ವರ್ಷ ಅದರಲ್ಲಿ ಹಾಕಿ ಕೋಚ್ ಆಗಿದ್ದೆ. ಪೆಟ್ರೋಲ್ ಹಾಕಿಸ್ಕೊಳ್ಳೋಕೆ ನಿಂತ್ರೂ ಜನ 'ಕೋಚ್, ಕೋಚ್' ಅಂತ ಕೈಕುಲುಕ್ತಾರೆ. ಶುರು ಆಗಿದ್ದು ಹೆಂಗೆ ಅನ್ಕೊಂಡೆ? ಮನೆ ಕಟ್ಟೋ ಕಡೆ ಹಲಗೆ ಹೊರ್ತಿದ್ದೆ. ಯಾವನೋ ಹೀರೋಗೆ ಸ್ಕೇಟ್ ಮೇಲೆ ನಿಲ್ಲೋಕೂ ಬರ್ತಿರ್ಲಿಲ್ಲ, ಕರುವಿನ ಥರ ಕಾಲು ಅಗಲ ಮಾಡ್ತಿದ್ದ. ಅವನ ಅಂಗಿ ನನಗೆ ತೊಡಿಸಿ ಹಿಂದಿನಿಂದ ಶೂಟ್ ಮಾಡಿದ್ರು. ಮೂರು ದಿನ ನನ್ನ ಬೆನ್ನು ನಟಿಸಿತು! ಆಮೇಲೆ ಪೆಟ್ಟು ತಿಂದು ಬೀಳೋ ಪಾತ್ರ. ಆಮೇಲೆ ಪೊಲೀಸ್. ಎರಡು ಸಲ ಹೆಣ. ಹೆಣ ಕೂಡ ಚೆನ್ನಾಗಿ ಮಾಡ್ದೆ ಅಂದ್ರು. ಹಿಂಗೇ ಬೀಳ್ತಾ ಬೀಳ್ತಾ ಮೇಲೆ ಬಂದೆ ನೋಡು.

ಆದ್ರೆ ಎಲ್ಲಿ ಹೋದ್ರೂ ಒಂದೇ ಕೇಳ್ತಾರೆ. ಹಾಕಿ ಯಾಕೆ ಬಿಟ್ರಿ? ಆಗ ನಿನ್ನ ಕಥೆ ಹೇಳ್ತೀನಿ. ಜನ ಕಣ್ಣು ಒರೆಸ್ಕೊಳ್ತಾರೆ ಕಣೋ. ಆ ಕಥೆ ಹೇಳೋವಾಗ ಎಲ್ಲಿ ಉಸಿರು ಹಿಡೀಬೇಕು, ಎಲ್ಲಿ ತಲೆ ತಗ್ಗಿಸಬೇಕು, ಎಲ್ಲಾ ಕರಗತ ಆಗ್ಬಿಟ್ಟಿದೆ... ಹೋಗ್ಲಿ ಬಿಡು.

ಇವತ್ತೂ ಅದೇ. ನಾಲ್ಕು ಗಂಟೆಗೆ ನಿನ್ನ ಹದಿನಾಲ್ಕನೇ ನಂಬರಿನ ಅಂಗೀನ ಗೌರವಕ್ಕೆ ಅಂತ ನಾವು ಆಡ್ತಿದ್ದ ಐಸ್ ರಿಂಕ್ ಚಾವಣಿಗೆ ಏರಿಸ್ತಾರೆ. ಇನ್ಮೇಲೆ ಈ ಊರಲ್ಲಿ ಇನ್ನೊಬ್ಬ ಆ ನಂಬರ್ ತೊಡೋ ಹಂಗಿಲ್ಲ. ನಿನ್ನನ್ನೂ ಕರ್ಕೊಂಡು ಹೋಗ್ತಾರೆ, ಕಂಬಳಿ ಹೊದಿಸಿ. ನಾನು ಮಾತಾಡ್ಬೇಕು. ಎಮಿಲ್ ಮಾತ್ರ ಬರಲ್ವಂತೆ. ನೀನು ಬಿದ್ದ ದಿನದಿಂದ ಅವ್ರು ರಿಂಕ್ ಮೆಟ್ಟಿಲು ತುಳಿದಿಲ್ಲ. ಊರೆಲ್ಲಾ ಅವ್ರ ಮುಖಕ್ಕೆ ಉಗೀತಲ್ಲ, ತಲೆಗೆ ಪೆಟ್ಟು ಬಿದ್ದ ಹುಡುಗನ್ನ ಮತ್ತೆ ಆಟಕ್ಕೆ ಬಿಟ್ರು ಅಂತ.

ಬರ್ಕೊಂಡು ಬಂದಿದ್ದೀನಿ, ಕೇಳು. ಕೈ ಕೊಡಿಲ್ಲಿ. ಎಡಗೈ. ಚೆನ್ನಾಗಿದ್ರೆ ಹಿಸುಕು, ಆಯ್ತಾ?

'ಪಂದ್ಯದ ಎರಡನೇ ಅವಧಿ. ಬೆಂಚಿನ ಮೇಲೆ ತಾರಸ್ ನನ್ನ ಪಕ್ಕ ಕೂತಿದ್ದ. ಆಗಷ್ಟೇ ತಲೆಗೆ ಪೆಟ್ಟು ಬಿದ್ದಿತ್ತು. ಪ್ರಜ್ಞೆ ಸರಿಯಿದೆಯಾ ಅಂತ ನೋಡೋಕೆ ಎಮಿಲ್ ಬಂದು ರೂಢಿಯಂತೆ ಮೂರು ಪ್ರಶ್ನೆ ಕೇಳಿದರು. ಎಲ್ಲಿದ್ದೀಯ? ಎಷ್ಟನೇ ಅವಧಿ? ಕೊನೆಯ ಗೋಲು ಯಾರದ್ದು? ಮೂರಕ್ಕೂ ತಾರಸ್ ಸರಿಯಾಗಿ ಉತ್ತರ ಕೊಟ್ಟ. ನಾನು ಆಡ್ತೀನಿ ಅಂತ ಎದ್ದು ನಿಂತ. ಅವನ ಧೈರ್ಯಾನ ತಡೆಯೋರು ಯಾರಿದ್ದರು?'

ಯಾಕೋ? ಕೈ ಯಾಕೆ ಎಳ್ಕೊಂಡೆ?

ಸುಸ್ತಾಯ್ತಾ? ನೀರು ಬೇಕಾ? ಇಲ್ವಾ... ಸರಿ, ಧೈರ್ಯ ಅನ್ನೋ ಮಾತು ಜಾಸ್ತಿ ಆಯ್ತು. ತೆಗೀತೀನಿ. ನೋಡು, ಹೊಡೆದು ಹಾಕ್ದೆ. ಈಗ್ಲಾದ್ರೂ ಈ ಕಡೆ ತಿರುಗೋ.

ನಿನಗೊಂದು ವಿಷ್ಯ ಹೇಳ್ಬೇಕು. ನನಗೆ ಡೈಲಾಗ್ ತಲೇಲಿ ನಿಲ್ತಾ ಇಲ್ಲ ತಾರಸ್. ಎರಡು ವರ್ಷದಿಂದ. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಕ್ಯಾಮೆರಾ ಮುಂದೆ ಖಾಲಿ. ನಾನೂ ತಲೆಗೆ ಕಮ್ಮಿ ಪೆಟ್ಟು ತಿಂದಿಲ್ವಲ್ಲ. ಹೋದ ತಿಂಗಳು ಕಿವಿಯೊಳಗೆ ಕಾಳಿನಷ್ಟು ಸಣ್ಣ ಯಂತ್ರ ಇಟ್ರು. ಆಚೆ ಕೂತ ಒಬ್ಬ ಹುಡುಗಿ ಪಿಸುಗುಡ್ತಾಳೆ, ನಾನು ಅದನ್ನೇ ಹೇಳ್ಬೇಕು. ಪಾಪ, ಒಳ್ಳೇ ಹುಡುಗಿ. ಅವಳು ಮೊದಲನೇ ಸಾಲು ಪಿಸುಗುಟ್ಟಿದಳು ನೋಡು... ಅಷ್ಟೂ ಜನರ ಮುಂದೆ ಆ ಯಂತ್ರ ಕಿತ್ತು ಮೇಜಿನ ಮೇಲಿಟ್ಟು ಹೊರಗೆ ಬಂದ್ಬಿಟ್ಟೆ. ಇನ್ನೂ ವಾಪಸ್ ಹೋಗಿಲ್ಲ. ಯಾಕೆ ಅಂತ ಕೇಳಿದ್ರು. ಹುಷಾರಿಲ್ಲ ಅಂದೆ.

ಛೆ, ನಿನ್ನ ಹಬ್ಬದ ದಿನ ನನ್ನ ಗೋಳು. ಬಾ, ನಗೋಣ. ನಾನೇ ಎಮಿಲ್ ಅನ್ಕೋ. ಅವ್ರ ಹಾಗೆ ಮೂಗಿನಲ್ಲೇ ಮಾತಾಡ್ತೀನಿ. ಹಿಂಗೆ ಮಂಡಿಯೂರಿ... ಅಯ್ಯಪ್ಪಾ, ಮಂಡಿ! 'ಹೇಳಪ್ಪಾ ತಾರಸ್, ಎಲ್ಲಿದ್ದೀಯ?' ಹೌದು ಅಂದ್ರೆ ಕಣ್ಣು ಮುಚ್ಚು. ರಿಂಕ್‌ನಲ್ಲಾ? ಆಸ್ಪತ್ರೇಲಾ?

ನಗು ಬರ್ಲಿಲ್ವಾ?

'ಎಷ್ಟನೇ ಅವಧಿ?'

ತಾರಸ್... ಯಾಕೆ ಹಂಗೆ ನೋಡ್ತಿದ್ದೀಯ? ನೀನು ನನ್ನ ಕಣ್ಣು ನೋಡ್ತಿಲ್ಲ. ನನ್ನ ಬಾಯಿ ನೋಡ್ತಿದ್ದೀಯ. ಅವತ್ತಿನ ಥರಾನೇ. ನಾನು ಹೇಳ್ಲಿ ಅಂತ ಕಾಯ್ತಿದ್ದೀಯ.

ಬೇಡ ಕಣೋ. ಆ ಕಡೆ ನೋಡು. ದಮ್ಮಯ್ಯ, ಆ ಕಡೆ ನೋಡು.

ನೆನಪಿದೆ ನಿನಗೆ. ಎಲ್ಲಾ ನೆನಪಿದೆ. ಅಯ್ಯೋ ದೇವರೇ... ಅವನಿಗೇನೂ ನೆನಪಿರಲ್ಲ ಅಂತ ಡಾಕ್ಟರ್ ಹೇಳಿದ್ದನ್ನ ಮೂವತ್ತೊಂದು ವರ್ಷ ಗಟ್ಟಿಯಾಗಿ ಹಿಡ್ಕೊಂಡು ಬದುಕಿದ್ನಲ್ಲೋ ನಾನು!

ಟವೆಲ್ಲು. ಬೆವರು ಒರೆಸೋ ಹಾಗೆ ಟವೆಲ್ ಅಡ್ಡ ಹಿಡ್ಕೊಂಡು ನಿನ್ನ ಕಿವಿಗೆ ಹೇಳ್ತಾ ಹೋದೆ. ನಮ್ಮೂರ ರಿಂಕು. ಎರಡನೇ ಅವಧಿ. ಗೋಲು ನಿಂದೇ. ನೀನು ಹಂಗೇ ಒಪ್ಪಿಸಿದೆ. ಆಗ ಎಲ್ರೂ ಮಾಡ್ತಿದ್ವಿ ತಾರಸ್, ಪಕ್ಕದಲ್ಲಿ ಕೂತೋನು ಹೇಳಿಕೊಡೋದು ಸ್ನೇಹ ಅಂತಿದ್ವಿ. ನೀನೇ ನನಗೆ ಎರಡು ಸಲ ಹೇಳಿಕೊಟ್ಟಿದ್ದೆ. ಹಂಗಂತ ನನಗೆ ನಾನೇ ಎಷ್ಟು ಸಲ ಸಮಾಧಾನ ಹೇಳ್ಕೊಂಡೆನೋ.

ಆದ್ರೆ ಎಮಿಲ್ ಬರೋಕೆ ಮುಂಚೆ ನೀನು ನನ್ನ ಕಡೆ ತಿರುಗಿ ಕೇಳಿದ್ದೆ. 'ನೀನ್ಯಾರು?' ಅಂತ ಕೇಳಿದ್ದೆ. ಆರು ವರ್ಷ ವಯಸ್ಸಿಂದ ಜೊತೆಗೆ ಆಡಿದೋನನ್ನ. ಗೊತ್ತಾಗಿತ್ತು ಕಣೋ ನನಗೆ. ಅಲ್ಲೇ, ಆಗಲೇ ಗೊತ್ತಾಗಿತ್ತು. ಆದ್ರೂ ಹೇಳಿಕೊಟ್ಟೆ. ಯಾಕಂದ್ರೆ ದೊಡ್ಡ ತಂಡಕ್ಕೆ ಆಟಗಾರರನ್ನ ಆರಿಸೋರು ಮೇಲೆ ಗ್ಯಾಲರೀಲಿ ಕೂತಿದ್ರು. ನನ್ನನ್ನ ನೋಡೋಕೆ ಬಂದಿದ್ರು. ಪಕ್ ಬಿಲ್ಲೇನ ನನ್ನ ಕೋಲಿಗೆ ತಂದುಕೊಡೋಕೆ ನೀನಿಲ್ಲದೆ ಹೋದ್ರೆ ನಾನು ಮೂರು ಕಾಸಿಗೂ ಬಾಳ್ತಿರ್ಲಿಲ್ಲ. ಎರಡು ನಿಮಿಷ ಆದ್ಮೇಲೆ ನೀನು ಬಿದ್ದೆ. ಆಮೇಲೆ ಮಾತೇ ಆಡ್ಲಿಲ್ಲ. ಆರಿಸೋಕೆ ಬಂದೋರು ನನ್ನ ಹೆಸರೂ ಬರ್ಕೊಳ್ಳದೆ ಎದ್ದು ಹೋದ್ರು.

ಏನಾದ್ರೂ ಮಾಡೋ. ಕೈ ಹಿಸುಕು, ಉಗಿ, ಕಣ್ಣು ಮುಚ್ಚು. ಹಿಂಗೆ ಸುಮ್ನೆ ನನ್ನ ಬಾಯಿ ನೋಡ್ಬೇಡ. ಏನು ಹೇಳ್ಲಿ? ಇದು ನಾನು ನಿನಗೆ ಹೇಳಿಕೊಡೋ ಉತ್ತರ ಅಲ್ವಲ್ಲೋ...

ಬಾಗಿಲು. ಯಾರು?

ಎಮಿಲ್. ಬನ್ನಿ. ಹೂಂ, ನಾನೇ, ಬ್ರೆಂಟ್. ಇಲ್ಲ, ಇಲ್ಲ, ಅಳ್ತಾ ಇಲ್ಲ... ಹೌದು, ಅಳ್ತಾ ಇದ್ದೀನಿ. ಬಟ್ಟಲು ಇಲ್ಲಿ ಕೊಡಿ, ಬಿಸಿ ನೀರು ಚೆಲ್ಲುತ್ತೆ. ಕ್ಷೌರ ಆಮೇಲೆ ಮಾಡುವಿರಂತೆ, ಮೊದಲು ಕೂತ್ಕೊಳ್ಳಿ. ಅವತ್ತು ಬೆಂಚಿನ ಹತ್ರ ಮೂರು ಪ್ರಶ್ನೆ ಕೇಳಿದ್ರಲ್ಲ ನೀವು, ಅದನ್ನ ಇನ್ನೊಂದು ಸಲ ಕೇಳಿ. ಅವನನ್ನಲ್ಲ ಎಮಿಲ್. ನನ್ನನ್ನ ಕೇಳಿ.